2016ರ ದೋಹಾ ಫೈನಲ್: ನಾವು ಗೆಲ್ಲಬಹುದಿತ್ತಾ, ಇಲ್ವಾ?

ಗ್ಯಾಲರಿ_ಗಿರಿ
ಭಾನುವಾರ ಅಕ್ಕನ ಮಗ ಊಟಕ್ಕೆ ಬಂದಿದ್ದ. ಹದಿನೇಳು ವರ್ಷದ ಹುಡುಗ, ಫುಟ್‌ಬಾಲ್ ಹುಚ್ಚು. ಬೆಂಗಳೂರು ಎಫ್‌ಸಿ ಆಡಿದ ಅತಿ ದೊಡ್ಡ ಪಂದ್ಯ ಯಾವುದು ಅಂತ ಮಾತು ಬಂತು. ಅವನು ಯೋಚನೆನೂ ಮಾಡದೆ 2019ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಅಂದ. ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಹೊಡೆದ ಗೋಲು. ಸರಿ, ಒಳ್ಳೆ ಪಂದ್ಯವೇ. ನಾನು 2016ರ ಎಎಫ್‌ಸಿ ಕಪ್, ಅಂದರೆ ಏಷ್ಯಾದ ಕ್ಲಬ್‌ಗಳ ಟೂರ್ನಿಯ ಫೈನಲ್ ಅಂದೆ. "ಮಾವ, ಅದು ಸೋತ ಪಂದ್ಯ ಅಲ್ವಾ" ಅಂದುಬಿಟ್ಟ. ಅನ್ನ ಗಂಟಲಲ್ಲಿ ಸಿಕ್ಕಿಕೊಂಡಿತು.

ಆಗ ಅವನಿಗೆ ಎಂಟೋ ಒಂಬತ್ತೋ. ಅವನ ತಪ್ಪಲ್ಲ. ಆದರೂ ರಾತ್ರಿಯೆಲ್ಲ ಅದೇ ತಲೆಯಲ್ಲಿ ಕೊರೆಯುತ್ತಿತ್ತು. 2016ರ ನವೆಂಬರ್ 5, ದೋಹಾ. ಇರಾಕಿನ ಅಲ್-ಖುವಾ ಅಲ್-ಜವಿಯಾ ಎದುರು 0-1. ಗೋಲು ಹೊಡೆದದ್ದು ಹಮ್ಮಾದಿ ಅಹ್ಮದ್, ಎಪ್ಪತ್ತು ನಿಮಿಷ ದಾಟಿದ ಮೇಲೆ. ಅಲ್ಲಿವರೆಗೂ ನಾವು ಹಿಡಿದು ನಿಂತಿದ್ದೆವು.

ನನ್ನ ಪ್ರಶ್ನೆ ಇಷ್ಟೇ. ಆ ಪಂದ್ಯ ನಾವು ಗೆಲ್ಲಬಹುದಿತ್ತಾ? ಅಥವಾ ನಾನು ಸುಮ್ನೆ ಹಳೇ ನೆನಪಿಗೆ ಬಣ್ಣ ಬಳಿಯುತ್ತಿದ್ದೇನಾ?

ಆಫ್‌ಸೈಡ್_ಆನಂದ
ಗೋಲ್‌ಕೀಪರ್ ಅಮರಿಂದರ್ ಇದ್ದಿದ್ದರೆ ಗೆಲ್ಲುತ್ತಿದ್ದೆವು. ಮಾತು ಮುಗೀತು.

ಕುಡ್ಲದ_ಕಿಕ್
ಮುಗಿಯಲಿಲ್ಲ ಮಾರಾಯ. ಹಳದಿ ಕಾರ್ಡ್ ಲೆಕ್ಕದಲ್ಲಿ ಅಮರಿಂದರ್ ಸಿಂಗ್ ಫೈನಲ್‌ಗೆ ಅಮಾನತು ಆಗಿದ್ದ, ನಿಜ. ಆದರೆ ಅವನ ಜಾಗಕ್ಕೆ ಬಂದ ಲಾಲ್‌ತುವಮ್ಮಾವಿಯಾ ರಾಲ್ಟೆ ಏನು ಕಡಿಮೆ ಆಡಿದನಾ? ಆ ರಾತ್ರಿ ಸ್ಕೋರ್ 0-1ರಲ್ಲಿ ನಿಂತದ್ದೇ ಅವನಿಂದ. ಆ ಗೋಲನ್ನು ಇನ್ನೊಮ್ಮೆ ನೋಡಿ. ಅಮ್ಜದ್ ರಾದಿ ನಮ್ಮ ಡಿಫೆನ್ಸ್ ದಾಟಿ ಬಂದು ಚೆಂಡು ಕೊಟ್ಟ, ಹಮ್ಮಾದಿ ಹತ್ತಿರದಿಂದ ಒಳಗೆ ತಳ್ಳಿದ. ಅಲ್ಲಿ ಗೋಲ್‌ಕೀಪರ್ ಏನು ಮಾಡ್ತಾನೆ? ಎರಡು ಕೈ ಇರೋದು, ಹತ್ತಲ್ಲ.

ಆಫ್‌ಸೈಡ್_ಆನಂದ
ರಾಲ್ಟೆ ಕೆಟ್ಟದಾಗಿ ಆಡಿದ ಅಂತ ನಾನು ಹೇಳಲಿಲ್ಲ. ಟೂರ್ನಿಯುದ್ದಕ್ಕೂ ಆಡಿದವನು ಹೊರಗೆ ಕೂತಾಗ ಡಿಫೆಂಡರ್‌ಗಳ ತಲೆಯಲ್ಲಿ ಒಂದು ಸಣ್ಣ ಅನುಮಾನ ಇರುತ್ತದೆ ಅಂತಷ್ಟೇ. ಹಿಂದಿನಿಂದ ಬರುವ ಕೂಗು ಬೇರೆ ಆಗಿರುತ್ತದೆ.

ಕುಡ್ಲದ_ಕಿಕ್
ನೀವು ಗೋಲ್‌ಕೀಪರ್ ಆಗಿದ್ದಿರಾ?

ಆಫ್‌ಸೈಡ್_ಆನಂದ
ಕಾಲೇಜಿನಲ್ಲಿ. ಒಂದೇ ಪಂದ್ಯ. ಆರು ಗೋಲು ಬಿಟ್ಟೆ. ಅದಕ್ಕೇ ಗೊತ್ತು.

ಕುಡ್ಲದ_ಕಿಕ್
😂 ಈಗ ಒಪ್ಪಿದೆ.

ದೋಹಾ_ದೀಪು
ನಾನು ಅವತ್ತು ಸ್ಟೇಡಿಯಂನಲ್ಲೇ ಇದ್ದೆ. ಸುಹೈಮ್ ಬಿನ್ ಹಮದ್ ಸ್ಟೇಡಿಯಂ. ಇಲ್ಲಿನವರು ಕತಾರ್ ಎಸ್‌ಸಿ ಸ್ಟೇಡಿಯಂ ಅಂತ ಕರೆಯುತ್ತಾರೆ. ದೊಡ್ಡದೇನಲ್ಲ. ತುಂಬಿಯೂ ಇರಲಿಲ್ಲ. ಆದರೆ ಸದ್ದು!

ಶುಕ್ರವಾರ ಇಲ್ಲಿ ರಜೆ, ಶನಿವಾರ ನನಗೆ ಡ್ಯೂಟಿ. ಫೋರ್‌ಮನ್ ಹತ್ತಿರ ಹೊಟ್ಟೆನೋವು ಅಂತ ಹೇಳಿ ಬಂದಿದ್ದೆ. ನಾನು ಶಿವಮೊಗ್ಗದವನು, ಅಲ್ಲಿವರೆಗೂ ಬಿಎಫ್‌ಸಿಯನ್ನು ಮೊಬೈಲ್‌ನಲ್ಲಿ ಬಿಟ್ಟರೆ ಕಣ್ಣಾರೆ ನೋಡಿದವನಲ್ಲ. ನನ್ನ ಸುತ್ತ ಕೂತವರಲ್ಲಿ ಹೆಚ್ಚಿನವರು ಮಲಯಾಳಿಗಳು. ಸಿ.ಕೆ. ವಿನೀತ್, ರಿನೋ ಆಂಟೋ ಇಬ್ಬರೂ ಅವರ ಹುಡುಗರು ನೋಡಿ. ಬೆಂಗಳೂರಿನಿಂದಲೇ ವಿಮಾನ ಹತ್ತಿ ಬಂದ ವೆಸ್ಟ್ ಬ್ಲಾಕ್ ಬ್ಲೂಸ್ (ಬಿಎಫ್‌ಸಿ ಅಭಿಮಾನಿ ಬಳಗ) ಹುಡುಗರ ಗುಂಪೂ ಇತ್ತು, ಅವರ ಗಂಟಲು ಒಂದು ನಿಮಿಷ ನಿಲ್ಲಲಿಲ್ಲ. ಎದುರುಗಡೆ ಇರಾಕಿಗಳು. ಅವರದ್ದು ಡ್ರಮ್ಮು, ಬಾವುಟ, ಕುಣಿತ.

ಗೋಲು ಆದಾಗ ನಮ್ಮ ಕಡೆ ಒಂದು ಕ್ಷಣ ಪೂರ್ತಿ ಮೌನ. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ "ಬನ್ರೋ, ಇನ್ನೂ ಇಪ್ಪತ್ತು ನಿಮಿಷ ಇದೆ" ಅಂತ ಕನ್ನಡದಲ್ಲಿ ಕೂಗಿದ. ಅದು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಸೋತದ್ದಕ್ಕಲ್ಲ. ಎಷ್ಟೋ ತಿಂಗಳಾಗಿತ್ತು, ಅಷ್ಟು ಜೋರಾಗಿ ಕನ್ನಡ ಕೇಳಿ.

ಗೆಲ್ಲಬಹುದಿತ್ತಾ ಅಂದರೆ, ನಿಜ ಹೇಳಲಾ? ಕಷ್ಟ ಇತ್ತು. ಅವರು ಓಡುವ ರೀತಿಯೇ ಬೇರೆ.

ಗ್ಯಾಲರಿ_ಗಿರಿ
ದೀಪು, ಇದನ್ನು ಅಕ್ಕನ ಮಗನಿಗೆ ಓದಿಸುತ್ತೇನೆ.

ಸುಮ್ನೆ_ಬಂದೆ
ಹೊಟ್ಟೆನೋವು ಅಂದದ್ದು ಫೋರ್‌ಮನ್‌ಗೆ ಗೊತ್ತಾಯ್ತಾ?

ದೋಹಾ_ದೀಪು
ಅವನೂ ಮಲಯಾಳಿಯೇ. ಹಾಫ್ ಟೈಮಲ್ಲಿ ಚಹಾ ಸಾಲಿನಲ್ಲಿ ಸಿಕ್ಕಿದ. ಇಬ್ಬರೂ ಮಾತಾಡಲಿಲ್ಲ.

ಎರಡನೇ_ಹಾಫ್
ಒಂದು ವಿಷಯ. ದೋಹಾ ತಟಸ್ಥ ಮೈದಾನ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕಾಗದದ ಮೇಲೆ ಅದು ಇರಾಕಿಗಳ ತವರು. ಭದ್ರತೆ ಕಾರಣಕ್ಕೆ ಅವರು ತಮ್ಮ ದೇಶದಲ್ಲಿ ಪಂದ್ಯ ನಡೆಸುವ ಹಾಗಿರಲಿಲ್ಲ, ತವರು ಪಂದ್ಯಗಳನ್ನು ದೋಹಾದಲ್ಲಿ ಆಡುತ್ತಿದ್ದರು. ಫೈನಲ್ ಕೂಡ ಹಾಗೇ ಅಲ್ಲಿಗೆ ಹೋಯ್ತು. ಒಂದೇ ಪಂದ್ಯದ ಫೈನಲ್. ಇದೇ ಪಂದ್ಯ ಕಂಠೀರವದಲ್ಲಿ ನಡೆದಿದ್ದರೆ ಅಂತ ನನಗೆ ಈಗಲೂ ಅನಿಸುತ್ತದೆ.

ಬೆಳಗಾವಿ_ಬ್ಯಾಕ್
ಕಂಠೀರವದಾಗ ನಡೆದಿದ್ರ ಗೆಲ್ತಿದ್ವಿ ಬಿಡ್ರಿ. ಸೆಮಿಫೈನಲ್ ನೋಡಿದವರಿಗೆ ಕೇಳ್ರಿ.

ವೆಸ್ಟ್‌ಬ್ಲಾಕ್_ವೆಂಕಿ
ಸೆಮಿಫೈನಲ್ ಅಂದ್ರಲ್ಲ, ಇನ್ನು ನನ್ನನ್ನು ನಿಲ್ಲಿಸಬೇಡಿ.

2016ರ ಅಕ್ಟೋಬರ್ 19. ಎದುರಾಳಿ ಮಲೇಷ್ಯಾದ ಜೋಹೊರ್ ದಾರುಲ್ ತಝೀಂ. ಹಿಂದಿನ ವರ್ಷದ ಚಾಂಪಿಯನ್. ಅದೇ ಟೂರ್ನಿಯ ಗುಂಪಿನ ಹಂತದಲ್ಲಿ ನಮ್ಮನ್ನು ಎರಡೂ ಸಲ ಸೋಲಿಸಿದ್ದವರು. ಸೆಮಿಯ ಮೊದಲ ಪಂದ್ಯ ಅವರ ಊರಲ್ಲಿ 1-1, ಯೂಜಿನ್‌ಸನ್ ಲಿಂಗ್ಡೋ ಹೊಡೆದ ಗೋಲು ನಮಗೆ ಬಂಗಾರ. ಒಟ್ಟು ಸಮವಾದರೆ ಎದುರಾಳಿ ಊರಲ್ಲಿ ಹೆಚ್ಚು ಗೋಲು ಹೊಡೆದವರು ಮುಂದೆ ಅನ್ನೋ ನಿಯಮ, ಹಾಗಾಗಿ ಇಲ್ಲಿ ಗೋಲಿಲ್ಲದೆ ಡ್ರಾ ಆದರೂ ಸಾಕಿತ್ತು.

ಆದರೆ 11ನೇ ನಿಮಿಷಕ್ಕೇ ಸಫಿಖ್ ರಹೀಂ ಗೋಲು ಹೊಡೆದ. ಕಂಠೀರವ ತಣ್ಣಗಾಯ್ತು. ನನ್ನ ಪಕ್ಕದಲ್ಲಿದ್ದ ಗೆಳೆಯ "ಟ್ರಾಫಿಕ್ ಶುರುವಾಗೋಕೆ ಮುಂಚೆ ಹೊರಟುಬಿಡೋಣವಾ" ಅಂದ. ಅವನ ಹೆಸರು ಇಲ್ಲಿ ಹೇಳಲ್ಲ, ಮದುವೆಯಾಗಿ ಮಕ್ಕಳಾಗಿವೆ.

ಹಾಫ್ ಟೈಮಿಗೆ ನಾಲ್ಕು ನಿಮಿಷ ಇರುವಾಗ ನಾಯಕ ಸುನಿಲ್ ಛೆಟ್ರಿ ಸಮ ಮಾಡಿದ. ಎರಡನೇ ಹಾಫಲ್ಲಿ ಮತ್ತೆ ಛೆಟ್ರಿ. ಈ ಸಲ ದೂರದಿಂದ. ಚೆಂಡು ಬಲೆಗೆ ಹೋಗುವ ಮೊದಲೇ ಗ್ಯಾಲರಿ ಎದ್ದು ನಿಂತಿತ್ತು, ಕೆಲವು ಹೊಡೆತ ಕಾಲಿನಿಂದ ಹೊರಟಾಗಲೇ ಗೊತ್ತಾಗುತ್ತದೆ. ಆಮೇಲೆ ಹುವಾನನ್ ಹೆಡರ್. 3-1. ಒಟ್ಟು 4-2. ಭಾರತದ ಒಂದು ಕ್ಲಬ್ ಮೊದಲ ಸಲ ಎಎಫ್‌ಸಿ ಕಪ್ ಫೈನಲ್‌ಗೆ. ಡೆಂಪೊ 2008ರಲ್ಲಿ, ಈಸ್ಟ್ ಬೆಂಗಾಲ್ 2013ರಲ್ಲಿ ಸೆಮಿಯಲ್ಲೇ ನಿಂತಿದ್ದವು.

ಆ ರಾತ್ರಿ ಕಂಠೀರವದಿಂದ ಮೆಜೆಸ್ಟಿಕ್‌ವರೆಗೂ ನಡೆದುಕೊಂಡೇ ಹೋದೆವು. ಬಸ್ ಇತ್ತು. ಹತ್ತಬೇಕು ಅನ್ನಿಸಲಿಲ್ಲ.

ಸುಮ್ನೆ_ಬಂದೆ
ಗೆಳೆಯ ಹೊರಟುಹೋದನಾ?

ವೆಸ್ಟ್‌ಬ್ಲಾಕ್_ವೆಂಕಿ
ಪಾರ್ಕಿಂಗ್‌ವರೆಗೂ ಹೋಗಿದ್ದ. ಕೂಗು ಕೇಳಿ ಓಡಿ ಬಂದ. ಗೇಟಲ್ಲಿ ಒಳಗೆ ಬಿಡಲಿಲ್ಲ. ಎರಡು, ಮೂರನೇ ಗೋಲು ಹೊರಗೆ ನಿಂತು ಕಿವಿಯಲ್ಲೇ ನೋಡಿದ.

ಗೌತಂಪುರ_ಅಂಕಲ್
ಮಕ್ಕಳೇ, "ಮೊದಲ ಸಲ" "ಮೊದಲ ಸಲ" ಅಂತ ಎಲ್ಲ ಕಡೆ ಬರೆಯುತ್ತೀರಿ. ಎಎಫ್‌ಸಿ ಕಪ್‌ಗೆ ಮೊದಲು, ಒಪ್ಪಿದೆ. ಆದರೆ ಅಂತರರಾಷ್ಟ್ರೀಯ ಕ್ಲಬ್ ಟೂರ್ನಿಯ ಫೈನಲ್ ಆಡಿ ಗೆದ್ದೂ ಬಂದ ಭಾರತದ ಕ್ಲಬ್ ಇದೆ. ಈಸ್ಟ್ ಬೆಂಗಾಲ್ 2003ರಲ್ಲಿ ಜಕಾರ್ತಾದಲ್ಲಿ ಆಸಿಯಾನ್ ಕ್ಲಬ್ ಚಾಂಪಿಯನ್‌ಷಿಪ್ ಗೆದ್ದಿತ್ತು. ಥಾಯ್ಲೆಂಡಿನ ಬಿಇಸಿ ಟೆರೊ ಸಾಸನಾವನ್ನು 3-1ರಿಂದ ಸೋಲಿಸಿ.

ಇನ್ನೊಂದು. ಬಿಎಫ್‌ಸಿ ಹುಟ್ಟಿದ್ದು 2013ರಲ್ಲಿ. ಬೆಂಗಳೂರು ಫುಟ್‌ಬಾಲ್ ಅವತ್ತೇ ಹುಟ್ಟಲಿಲ್ಲ. 1969ರಲ್ಲಿ ಬ್ಯಾಂಕಾಕ್‌ನಲ್ಲಿ ಏಷ್ಯಾದ ಚಾಂಪಿಯನ್ ಕ್ಲಬ್ ಟೂರ್ನಿ ನಡೆದಾಗ ಭಾರತದ ಪರ ಆಡಲು ಹೋದವರು ಯಾರು ಗೊತ್ತಾ? ನಮ್ಮ ಮೈಸೂರು ರಾಜ್ಯ ತಂಡ. ಆಗ ದೇಶದಲ್ಲಿ ರಾಷ್ಟ್ರೀಯ ಲೀಗ್ ಎಲ್ಲಿತ್ತು? ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದವರೇ ಚಾಂಪಿಯನ್. ಮೈಸೂರು ಅದನ್ನು ಸಾಲಾಗಿ ಎರಡು ವರ್ಷ ಗೆದ್ದಿತ್ತು.

ಎರಡನೇ_ಹಾಫ್
ಅಂಕಲ್, ಆಸಿಯಾನ್ ಕಪ್ ಒಂದು ಪ್ರಾದೇಶಿಕ ಟೂರ್ನಿ ಅಲ್ವಾ? ಈಸ್ಟ್ ಬೆಂಗಾಲನ್ನು ಅತಿಥಿಯಾಗಿ ಕರೆದಿದ್ದರು. ಎಎಫ್‌ಸಿ ಕಪ್ ಇಡೀ ಏಷ್ಯಾದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಗೌತಂಪುರ_ಅಂಕಲ್
ತೂಗಬೇಡಪ್ಪ. ಆದರೆ ಗೆದ್ದವನ ಕೈಯಲ್ಲಿ ಕಪ್ ಇದೆ, ನಮ್ಮ ಕೈಯಲ್ಲಿ ನೆನಪಿದೆ. ಎಎಫ್‌ಸಿ ಕಪ್ಪೂ ಏಷ್ಯಾದಲ್ಲಿ ಎರಡನೇ ದರ್ಜೆಯ ಟೂರ್ನಿಯೇ, ಮೇಲೆ ಚಾಂಪಿಯನ್ಸ್ ಲೀಗ್ ಇತ್ತು.

ತಿರುಗುಬಾಣ
ಅಂಕಲ್ ಹ್ಯಾಟ್ರಿಕ್.

ಹಲಸೂರು_ಹತ್ತು
ಗೌತಂಪುರ ಅಂದ್ರೆ ಪೆಲೆ ಪ್ರತಿಮೆ ಇರೋ ಗೌತಂಪುರನಾ ಅಂಕಲ್? ನಮ್ಮ ತಾತ ಅಲ್ಲೇ ಪಕ್ಕದ ಬೀದಿ. ಅಹ್ಮದ್ ಖಾನ್ ಬಗ್ಗೆ ಯಾವಾಗಲೂ ಹೇಳುತ್ತಿದ್ದರು. ಬರಿಗಾಲಲ್ಲಿ ಚೆಂಡು ಆಡಿಸಿದರೆ ಹಾವಾಡಿಗ ಹಾವು ಆಡಿಸಿದ ಹಾಗೆ ಅಂತ.

ಗೌತಂಪುರ_ಅಂಕಲ್
ಅದೇ ಗೌತಂಪುರ. ಅಹ್ಮದ್ ಖಾನ್, ಧನರಾಜ್ ಇಬ್ಬರೂ ಈ ಊರಿನಿಂದ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್‌ನ ಪಂಚ ಪಾಂಡವರಲ್ಲಿ, ಅಂದರೆ ಹೆಸರಾಂತ ಐವರು ಫಾರ್ವರ್ಡ್‌ಗಳಲ್ಲಿ ಸೇರಿದವರು. ಐವರಲ್ಲಿ ಇಬ್ಬರು ನಮ್ಮವರು! ಆಮೇಲೆ ಐಟಿಐ ತಂಡ. 1977ರಲ್ಲಿ ಮೊದಲ ಫೆಡರೇಷನ್ ಕಪ್ ನಡೆದಾಗ ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೇ ಮಣ್ಣು ಮುಕ್ಕಿಸಿತ್ತು. ಫ್ಯಾಕ್ಟರಿ ಕೆಲಸ ಮುಗಿಸಿ ಪ್ರಾಕ್ಟೀಸ್ ಮಾಡುತ್ತಿದ್ದ ಹುಡುಗರು.

ಹಾಗಂತ ನಾನು ಬಿಎಫ್‌ಸಿ ವಿರೋಧಿ ಅಲ್ಲ. ದೋಹಾ ಫೈನಲ್ ದಿನ ನಮ್ಮ ಬೀದಿಯಲ್ಲಿ ಟಿವಿ ಹೊರಗೆ ಇಟ್ಟಿದ್ದೆವು. ಬಿರಿಯಾನಿಗೆ ಹೇಳಿಟ್ಟಿದ್ದೆವು. ಸೋತ ಮೇಲೂ ತಿಂದೆವು, ಬೇರೆ ದಾರಿ ಇರಲಿಲ್ಲ.

ಪಬ್_ಪೀಡಿತ
ನಿಮ್ಮ ಬೀದಿಯೇ ವಾಸಿ ಅಂಕಲ್. ನಾವು ಎಂಟು ಜನ ಒಂದು ಪಬ್‌ಗೆ ಹೋಗಿದ್ದೆವು, ಮುಂಚೆಯೇ ಫೋನ್ ಮಾಡಿ, ಫೈನಲ್ ಹಾಕುತ್ತೀರಾ ಅಂತ ಕೇಳಿ. ಹಾಕುತ್ತೇವೆ ಅಂದರು. ಹೋಗಿ ನೋಡಿದರೆ ದೊಡ್ಡ ಪರದೆಯಲ್ಲಿ ಮ್ಯಾಂಚೆಸ್ಟರ್ ಸಿಟಿ-ಮಿಡಲ್ಸ್‌ಬರೊ ಪಂದ್ಯ. ನಮ್ಮ ಊರಿನ ತಂಡ ಏಷ್ಯಾದ ಫೈನಲ್ ಆಡುತ್ತಿದೆ, ಅದು ಮೂಲೆಯಲ್ಲಿ ಶೌಚಾಲಯದ ಬಾಗಿಲ ಪಕ್ಕದ ಸಣ್ಣ ಟಿವಿಯಲ್ಲಿ. ಸೌಂಡ್ ಇಲ್ಲ. ಬಾಗಿಲು ತೆರೆದಾಗಲೆಲ್ಲ ಅರ್ಧ ಮೈದಾನ ಮಾಯ. ಹಮ್ಮಾದಿ ಗೋಲು ನಾನು ನೋಡಲೇ ಇಲ್ಲ, ಯಾರೋ ಒಬ್ಬ ಕೈ ಒರೆಸಿಕೊಳ್ಳುತ್ತಾ ಹೊರಗೆ ಬರುತ್ತಿದ್ದ.

ಸಿಟಿ ಕೊನೇ ನಿಮಿಷದಲ್ಲಿ ಗೋಲು ಬಿಟ್ಟು 1-1 ಆಯ್ತು. ಅಷ್ಟೇ ಅವತ್ತಿನ ಸಮಾಧಾನ.

ಬೆಳಗಾವಿ_ಬ್ಯಾಕ್
ಕೊನೇ ಸಾಲಿಗೆ ನಕ್ಕು ಸಾಕಾತು 😂

ಬೋರ್ಡ್_ಪರೀಕ್ಷೆ
ಮೂಲ ಪ್ರಶ್ನೆಗೆ ಬರೋಣವಾ? ಎಲ್ಲರೂ ಗೋಲ್‌ಕೀಪರ್ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಪ್ರಕಾರ ಸೋಲಿಗೆ ಕಾರಣ ಕ್ಯಾಲೆಂಡರ್.

ನೋಡಿ, 2015-16ರ ಐ-ಲೀಗ್ (ನಾವು ಆಗ ಆಡುತ್ತಿದ್ದ ರಾಷ್ಟ್ರೀಯ ಲೀಗ್) ಗೆದ್ದದ್ದು ಏಪ್ರಿಲ್‌ನಲ್ಲಿ. ಆಮೇಲೆ ಕೋಚ್ ಆಶ್ಲಿ ವೆಸ್ಟ್‌ವುಡ್ ಹೋದರು, ಆಲ್ಬರ್ಟ್ ರೋಕಾ ಬಂದರು. ಬಾರ್ಸಿಲೋನಾದಲ್ಲಿ ಕೋಚ್ ರೈಕಾರ್ಡ್ ಕೈಕೆಳಗೆ ಸಹಾಯಕರಾಗಿದ್ದವರು. ಕ್ವಾರ್ಟರ್ ಫೈನಲ್‌ನಲ್ಲಿ ಸಿಂಗಪುರದ ಟಾಂಪಿನೀಸ್ ರೋವರ್ಸ್, ಇಲ್ಲಿ 1-0, ಅಲ್ಲಿ 0-0. ಆಮೇಲೆ ಸೆಮಿ. ಆಮೇಲೆ ಫೈನಲ್. ಈ ಹೊತ್ತಿನಲ್ಲಿ ದೇಶದಲ್ಲಿ ಐಎಸ್‌ಎಲ್ ನಡೆಯುತ್ತಿತ್ತು, ನಾವು ಅದರಲ್ಲಿ ಇರಲೇ ಇಲ್ಲ. ವಾರವಾರ ಪಂದ್ಯ ಆಡಿ ಮೈ ಬಿಸಿಯಾಗಿರಬೇಕಾದ ತಂಡ ಬರೀ ಅಭ್ಯಾಸ ಮಾಡಿಕೊಂಡು ಫೈನಲ್‌ಗೆ ಹೋಯ್ತು. ನಮ್ಮ ಆಟಗಾರರು ಫೈನಲ್ ಮುಗಿಸಿಕೊಂಡು ಐಎಸ್‌ಎಲ್ ತಂಡಗಳನ್ನು ಸೇರಿದರು. ಛೆಟ್ರಿ ಮುಂಬೈ ಸಿಟಿಗೆ. ವಿನೀತ್ ಕೇರಳ ಬ್ಲಾಸ್ಟರ್ಸ್‌ಗೆ ಹೋಗಿ ಐದು ಗೋಲು ಹೊಡೆದು ಅವರನ್ನು ಫೈನಲ್‌ವರೆಗೂ ಎಳೆದುಕೊಂಡು ಹೋದ.

ಅದೇ ವಿನೀತ್ ದೋಹಾಗೆ ಹೋಗುವಾಗಲೂ ಹಾಗೆ ಪಂದ್ಯದ ಲಯದಲ್ಲಿ ಇದ್ದಿದ್ದರೆ?

ಆಫ್‌ಸೈಡ್_ಆನಂದ
ಇದು ಒಳ್ಳೆ ಪಾಯಿಂಟ್. ಅಮರಿಂದರ್ ವಾದವನ್ನು ಅರ್ಧ ವಾಪಸ್ ತೆಗೆದುಕೊಂಡೆ.

ಎರಡನೇ_ಹಾಫ್
ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಆ ಟೂರ್ನಿಯಲ್ಲಿ ಮೂರು ವಿದೇಶಿ, ಜೊತೆಗೆ ಒಬ್ಬ ಏಷ್ಯಾದವ ಅಂತ ನಿಯಮ. ನಮ್ಮ ನಾಲ್ವರು ಯಾರು? ಜಾನ್ ಜಾನ್ಸನ್, ಹುವಾನನ್ ಡಿಫೆನ್ಸ್‌ನಲ್ಲಿ. ಆಲ್ವಾರೊ ರೂಬಿಯೊ, ಆಸ್ಟ್ರೇಲಿಯಾದ ಕ್ಯಾಮರಾನ್ ವಾಟ್ಸನ್ ಮಿಡ್‌ಫೀಲ್ಡ್‌ನಲ್ಲಿ. ಅಂದರೆ ಗೋಲು ಹೊಡೆಯಬೇಕಾದ ಜಾಗದಲ್ಲಿ ಇದ್ದವರೆಲ್ಲ ಭಾರತದ ಹುಡುಗರು. ಭಾರತದ ಕ್ಲಬ್‌ಗಳಲ್ಲಿ ಇದು ಎಷ್ಟು ಅಪರೂಪ ಯೋಚಿಸಿ. ಎಲ್ಲರೂ ದುಡ್ಡು ಕೊಟ್ಟು ತರೋದು ಸ್ಟ್ರೈಕರ್‌ನೇ.

ಆ ಕಡೆ ಹಮ್ಮಾದಿ ಅಹ್ಮದ್ ಒಬ್ಬನೇ ಆ ಟೂರ್ನಿಯಲ್ಲಿ 16 ಗೋಲು. ಹದಿನಾರು! ಅತಿ ಹೆಚ್ಚು ಗೋಲು ಹೊಡೆದವನೂ ಅವನೇ, ಟೂರ್ನಿಯ ಶ್ರೇಷ್ಠ ಆಟಗಾರನೂ ಅವನೇ. ಅಂಥವನನ್ನು ಎಪ್ಪತ್ತು ನಿಮಿಷ ಸುಮ್ಮನೆ ಕೂರಿಸಿದ್ದೇ ದೊಡ್ಡದು.

ಕುಡ್ಲದ_ಕಿಕ್
ಮತ್ತೆ ಅವರೇನು ಒಂದು ಸಲ ಗೆದ್ದು ಕಾಣೆಯಾದವರಲ್ಲ. 2017ರಲ್ಲಿ ತಜಿಕಿಸ್ತಾನದ ಇಸ್ತಿಕ್ಲೋಲ್ ಮೇಲೆ, 2018ರಲ್ಲಿ ತುರ್ಕ್ಮೆನಿಸ್ತಾನದ ಅಲ್ತಿನ್ ಅಸಿರ್ ಮೇಲೆ, ಸಾಲಾಗಿ ಮೂರು ಕಪ್. ನಾವು ಸೋತದ್ದು ಅಂಥವರ ಕೈಯಲ್ಲಿ.

ತಮಾಷೆ ಏನು ಗೊತ್ತುಂಟಾ, ಆ ಎರಡೂ ವರ್ಷ ನಾವು ಸೋತದ್ದು ಇದೇ ಇಸ್ತಿಕ್ಲೋಲ್‌ಗೆ, ಇದೇ ಅಲ್ತಿನ್ ಅಸಿರ್‌ಗೆ. ಅವರು ನಮ್ಮನ್ನು ದಾಟಿ ಹೋಗಿ ಇರಾಕಿಗಳ ಕೈಯಲ್ಲಿ ಸೋತರು. ಮೂರು ವರ್ಷ, ಎಲ್ಲ ದಾರಿಯೂ ಅದೇ ಮನೆಗೆ.

ತಿರುಗುಬಾಣ
ಅವರು ವಾಯುಪಡೆ ತಂಡ. ನಾವು ಯಲಹಂಕದಿಂದ ಎರಡು ವಿಮಾನ ಕಳಿಸಬೇಕಿತ್ತು.

ಸುಮ್ನೆ_ಬಂದೆ
ಎಚ್‌ಎಎಲ್‌ನವರಿಗೆ ಹೇಳಿದ್ದರೆ ಅಲ್ಲೇ ರಿಪೇರಿನೂ ಮಾಡಿಕೊಡುತ್ತಿದ್ದರು.

ಆರ್‌ಸಿಬಿ_ರಾಮು
2016 ಅಂದರೆ ಬೆಂಗಳೂರಿಗೇ ಗ್ರಹಚಾರದ ವರ್ಷ. ಮೇ ತಿಂಗಳಲ್ಲಿ ಚಿನ್ನಸ್ವಾಮಿಯಲ್ಲಿ ಸನ್‌ರೈಸರ್ಸ್ ಎದುರು 8 ರನ್‌ನಿಂದ ಫೈನಲ್ ಸೋಲು. ನವೆಂಬರ್‌ನಲ್ಲಿ ಇದು. ಆರ್‌ಸಿಬಿ ಅಂತೂ 2025ರಲ್ಲಿ ಗೆದ್ದಿತು. ನಿಮ್ಮ ಕಡೆ ಯಾವಾಗ?

ವೆಸ್ಟ್‌ಬ್ಲಾಕ್_ವೆಂಕಿ
ರಾಮು, ನಾವು ಆರಂಭದ ವರ್ಷವೇ ಐ-ಲೀಗ್ ಗೆದ್ದವರು. ಹದಿನೆಂಟು ವರ್ಷ ಕಾಯಲಿಲ್ಲ. ಹೋಗಿ ನೀರು ಕುಡಿಯಿರಿ.

ಆರ್‌ಸಿಬಿ_ರಾಮು
😭 ಹೋದೆ.

ನೋಟು_ನರಸಿಂಹ
ಫೈನಲ್ ಆಗಿ ಮೂರನೇ ದಿನ ನೋಟು ರದ್ದು ಆಯ್ತಲ್ಲ. ನಮ್ಮ ಗುಂಪಿನಲ್ಲಿ ಒಬ್ಬ ಬಿಎಫ್‌ಸಿ ಗೆಲ್ಲುತ್ತದೆ ಅಂತ ಬಾಜಿ ಕಟ್ಟಿ ಎರಡು ಸಾವಿರ ಸೋತಿದ್ದ. ಐನೂರರ ನಾಲ್ಕು ನೋಟು. ಗೆದ್ದವನು "ಆಮೇಲೆ ತಗೋತೀನಿ" ಅಂದಿದ್ದ. ಬುಧವಾರ ಬೆಳಿಗ್ಗೆ ಇವನೇ ಅವನ ಮನೆ ಬಾಗಿಲಿಗೆ ಹೋಗಿ ಕೊಟ್ಟು ಬಂದ.

ಬೆಳಗಾವಿ_ಬ್ಯಾಕ್
ಇವನೇ ನಿಜವಾದ ಚಾಂಪಿಯನ್ ರಿ.

ರಿಯಾದ್_ರಮ್ಯಾ
ಗಲ್ಫ್‌ನಲ್ಲಿ ನಾವು ಗೆದ್ದದ್ದೂ ಇದೆ, ಮರೆಯಬೇಡಿ. 2023ರ ಮಾರ್ಚ್ 4, ರಿಯಾದ್. ಸಂತೋಷ್ ಟ್ರೋಫಿ ಫೈನಲ್. ಕರ್ನಾಟಕ 3, ಮೇಘಾಲಯ 2. ಗೌತಂಪುರದ ಅಂಕಲ್ ಹೇಳಿದರಲ್ಲ, ಮೈಸೂರು ಸಾಲಾಗಿ ಎರಡು ವರ್ಷ ಗೆದ್ದದ್ದು, ಅದಾದ ಮೇಲೆ 54 ವರ್ಷ ಕಳೆದು ಸಿಕ್ಕಿದ ಕಪ್. ನಾನು ಮಗಳನ್ನು ಕರೆದುಕೊಂಡು ಹೋಗಿದ್ದೆ. ಅಷ್ಟು ದೊಡ್ಡ ಸ್ಟೇಡಿಯಂನಲ್ಲಿ ಜನ ಚದುರಿಹೋಗಿದ್ದರು, ನಾವು ಕೂಗಿದ್ದು ನಮಗೇ ವಾಪಸ್ ಕೇಳಿಸುತ್ತಿತ್ತು. ಆದರೂ ಕೂಗಿದೆವು.

ಗೌತಂಪುರ_ಅಂಕಲ್
ಅಮ್ಮಾ, ಅವತ್ತು ನಾನು ಮನೆಯಲ್ಲಿ ಒಬ್ಬನೇ ಅತ್ತಿದ್ದೆ. 1968ರಲ್ಲಿ ಅಪ್ಪನ ಹೆಗಲ ಮೇಲೆ ಕೂತು ಪಂದ್ಯ ನೋಡಿದವನು ನಾನು. ಈಗ ನೋಡೋಣ ಅಂದರೆ ಅಪ್ಪನೂ ಇಲ್ಲ, ಹೆಗಲೂ ಇಲ್ಲ.

ಗ್ಯಾಲರಿ_ಗಿರಿ
ಅಂಕಲ್ 🙏

ಎಲ್ಲ ಓದಿದೆ. ಕ್ಯಾಲೆಂಡರ್ ವಾದ, ಆ ನಾಲ್ಕು ವಿದೇಶಿಗಳ ವಿಷಯ ಎರಡೂ ನನಗೆ ಹೊಳೆದಿರಲಿಲ್ಲ. ಗೆಲ್ಲಬಹುದಿತ್ತು ಅಂತ ಇನ್ನು ವಾದ ಮಾಡಲ್ಲ. ಆದರೆ ಅತಿ ದೊಡ್ಡ ಪಂದ್ಯ ಯಾವುದು ಅನ್ನೋದರಲ್ಲಿ ಒಂದು ಇಂಚೂ ಹಿಂದೆ ಹೋಗಲ್ಲ.

ಎರಡನೇ_ಹಾಫ್
ನಾನಾದರೆ ಸೆಮಿಫೈನಲ್ ಅನ್ನುತ್ತೇನೆ. ಫೈನಲ್ ಅಲ್ಲ.

ಬೋರ್ಡ್_ಪರೀಕ್ಷೆ
2018ರ ಐಎಸ್‌ಎಲ್ ಫೈನಲ್. ಕಂಠೀರವದಲ್ಲೇ ಚೆನ್ನೈಯಿನ್ ಎದುರು 2-3. ನೋವಿನ ಲೆಕ್ಕದಲ್ಲಿ ಅದೇ ದೊಡ್ಡದು.

ಗ್ಯಾಲರಿ_ಗಿರಿ
ನೋವಿನ ಪಟ್ಟಿ ಬೇರೆ ಮಾಡೋಣ, ಅದು ಉದ್ದ ಇದೆ.

ದೋಹಾ_ದೀಪು
ಅಂದಹಾಗೆ, ಪಂದ್ಯ ಮುಗಿದ ಮೇಲೆ ಆಟಗಾರರು ನಮ್ಮ ಗ್ಯಾಲರಿ ಕಡೆ ಬಂದಾಗ ನಾನು ಒಂದು ಫೋಟೊ ತೆಗೆದಿದ್ದೆ. ಹಳೇ ಮೊಬೈಲ್, ಎಲ್ಲ ಮಸುಕು. ಛೆಟ್ರಿ ತಲೆ ತಗ್ಗಿಸಿ ಚಪ್ಪಾಳೆ ತಟ್ಟುತ್ತಿರುವುದು ಮಾತ್ರ ಗೊತ್ತಾಗುತ್ತದೆ. ಆ ಮೊಬೈಲ್ ಊರಲ್ಲಿದೆ. ರಜೆಗೆ ಬಂದಾಗ ಹಾಕುತ್ತೇನೆ.

ಪಬ್_ಪೀಡಿತ
ಹಾಕಿ ದೀಪು. ನನಗೆ ಗೋಲಂತೂ ಕಾಣಲಿಲ್ಲ, ಅದಾದರೂ ಕಾಣಲಿ.

ಸುಮ್ನೆ_ಬಂದೆ
ಫೋಟೊದಲ್ಲಿ ಹಿಂದುಗಡೆ ಫೋರ್‌ಮನ್ ಇದ್ದಾನಾ ನೋಡಿ.